ವಿಶು ಅತ್ತ ಎಂಟು ಪುಟ

೧೨ ಜೂನ್ ೨೦೦೬, ಸೋಮವಾರ

ಇವತ್ತು ಬಂದ ಕಾಗದವನ್ನು ಹರಿದು ಹಾಕಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ. ಬರೆದವಳು ಬಸವೇಶ್ವರನಗರದ ಬಿಂದುಶ್ರೀ ಎಂಬ ಏಳನೇ ಕ್ಲಾಸಿನ ಹುಡುಗಿ. ಬರೆದಿರುವುದು ಹೊಗಳಿಯೇ. ಆದರೂ ಓದಿದಾಗಿನಿಂದ ಮೈಯೆಲ್ಲ ಉರಿಯುತ್ತಿದೆ.

“ಸಾರ್, ನಿಮ್ಮ ಗೂಢಚಾರ ವಿಶು ಮಾಲೆಯ ಮೂವತ್ತೊಂದನೇ ಪುಸ್ತಕದಲ್ಲಿ ವಿಶು ಕೆಂಗೇರಿ ಸ್ಟೇಷನ್ನಿನ ಗೂಡ್ಸ್ ಡಬ್ಬಿಯ ಹಿಂದೆ ಕೂತು ಅಳುವ ಎಂಟು ಪುಟ ನನಗೆ ತುಂಬಾ ಇಷ್ಟ. ನಾಲ್ಕು ಸಲ ಓದಿದೆ. ನೀವು ಇಷ್ಟು ಚೆನ್ನಾಗಿ ಹೇಗೆ ಬರೆಯುತ್ತೀರಿ?”

ಹೇಗೆ ಬರೆಯುತ್ತೀರಿ ಅಂತೆ. ನಾನು ಬರೆದೇ ಇಲ್ಲ. ನನ್ನ ವಿಶುವಿಗೆ ಹದಿಮೂರು ವರ್ಷ, ದೇಶದ ಏಳನೇ ಗುಪ್ತ ವಿಭಾಗಕ್ಕೆ ಕೆಲಸ ಮಾಡುತ್ತಾನೆ, ಶತ್ರುಗಳ ನಕಾಶೆ ಕದ್ದು ತರುತ್ತಾನೆ, ಹಿಮದಲ್ಲಿ ಮೂರು ದಿನ ನಡೆಯುತ್ತಾನೆ. ಮೂವತ್ತೊಂದು ಪುಸ್ತಕಗಳಲ್ಲಿ ಅವನ ಕಣ್ಣಿಂದ ಒಂದು ಹನಿ ಬಿದ್ದಿಲ್ಲ. ಮೂವತ್ತಮೂರು ವರ್ಷ ಮಿಡ್ಲ್‌ಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವನು ನಾನು, ಅಳುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಅಳದ ಒಬ್ಬ ಹುಡುಗನನ್ನು ತೋರಿಸಬೇಕೆಂದೇ ವಿಶುವನ್ನು ಹುಟ್ಟಿಸಿದ್ದು.

ಮಗು ಬೇರೆ ಯಾರದ್ದೋ ಪುಸ್ತಕ ಓದಿ ನನಗೆ ಬರೆದಿರಬೇಕು. ಈಗಿನ ಮಕ್ಕಳಿಗೆ ರಕ್ಷಾಪುಟದ ಮೇಲಿನ ಹೆಸರನ್ನು ನೋಡುವ ತಾಳ್ಮೆ ಎಲ್ಲಿದೆ?

೧೪ ಜೂನ್, ಬುಧವಾರ

ಬೇರೆಯವರ ಪುಸ್ತಕವಲ್ಲ. ನನ್ನದೇ.

ಅಚ್ಚಾದ ಪುಸ್ತಕವನ್ನು ನಾನು ಓದುವವನಲ್ಲ. ಬರೆದಾಗಲೇ ಓದಿಯಾಗಿರುತ್ತದೆ, ಮತ್ತೇನು ಓದುವುದು? ಏಪ್ರಿಲ್‌ನಲ್ಲಿ ಕಣ್ಣಿನ ಪೊರೆ ತೆಗೆಸಿದ ಮೇಲಂತೂ ಪೇಪರಿನ ತಲೆಬರಹ ಬಿಟ್ಟು ಏನನ್ನೂ ಓದಿಲ್ಲ. ಇವತ್ತು ಭೂತಗನ್ನಡಿ ಹಿಡಿದು ಮೂವತ್ತೊಂದನೆಯದನ್ನು ಓದಿದೆ. ಎಂಬತ್ತೆರಡನೇ ಪುಟದಿಂದ ಎಂಬತ್ತೊಂಬತ್ತರವರೆಗೆ ನನ್ನದಲ್ಲದ ಎಂಟು ಪುಟ. ವಿಶು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಜಲ್ಲಿಕಲ್ಲಿನ ಮೇಲೆ ಓಡುತ್ತಾನೆ. ಡಬ್ಬಿಯ ಹಿಂದೆ ಬಾಯಿಗೆ ಅಂಗಿಯ ತೋಳು ತುರುಕಿಕೊಂಡು ಅಳುತ್ತಾನೆ. ಆಮೇಲೆ ಮೂವತ್ತನೆಯದು, ಇಪ್ಪತ್ತೊಂಬತ್ತನೆಯದು ತೆಗೆದೆ. ಎಲ್ಲದರಲ್ಲೂ ಅಷ್ಟೇ. ಯಾರೋ ನನ್ನ ಅಡುಗೆಮನೆಗೆ ನುಗ್ಗಿ ನನ್ನ ಪಾತ್ರೆಯಲ್ಲೇ ಬೇಯಿಸಿ ಬಡಿಸಿದ್ದಾರೆ.

ಗಂಗಲಕ್ಷ್ಮಮ್ಮನಿಗೆ ಹೇಳಿದೆ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿ, ನನ್ನ ಪರ ಒಂದು ಮಾತಾಡಬಾರದೇ?

“ಹಸ್ತಪ್ರತಿಯಲ್ಲಿ ಆ ಜಾಗದಲ್ಲಿ ಏನ್ ಬರ್ದಿದ್ರಿ?” ಅಂದಳು.

“ಬೆನ್ನಟ್ಟುವ ದೃಶ್ಯ, ಮಾಮೂಲಿ, ಎಂಟು ಪುಟ ಅಂತ ಬರ್ದಿದ್ದೆ.”

“ಮತ್ತೆ? ನೀವು ಖಾಲಿ ಬಿಟ್ರಿ, ಯಾರೋ ತುಂಬಿದ್ರು. ಅದಕ್ಯಾಕ್ರೀ ಹಿಂಗೆ ಕುಣೀತೀರ?”

ಇವಳಿಗೆ ಆ ಪದ್ಧತಿ ಗೊತ್ತಿಲ್ಲ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದಲೂ ನಮ್ಮ ಪ್ರಕಾಶನದಲ್ಲಿ ಹಾಗೇ ನಡೆದದ್ದು. ವಿಶು ನಕಾಶೆ ಕದಿಯುವವರೆಗೆ ನಾನು ಬರೆಯುವುದು, ಅದನ್ನು ಮುಖ್ಯಸ್ಥರ ಕೈಗೆ ಕೊಡುವಲ್ಲಿಂದ ಮತ್ತೆ ನಾನು ಬರೆಯುವುದು. ನಡುವೆ ಶತ್ರುಗಳು ಅವನನ್ನು ಬೆನ್ನಟ್ಟುವ ಭಾಗಕ್ಕೆ ‘ಮಾಮೂಲಿ’ ಎಂದು ಬರೆದರೆ ಈಗಿನ ಪ್ರಕಾಶಕ ನಾಗರಾಜುವಿನ ತಂದೆ ಹಳೆಯ ಯಾವುದೋ ಪುಸ್ತಕದಿಂದ ಓಟವನ್ನು ಎತ್ತಿ, ಊರಿನ ಹೆಸರು ಬದಲಿಸಿ ಜೋಡಿಸಿಬಿಡುತ್ತಿದ್ದರು. ಓಟ ಅಂದರೆ ಓಟ, ಅದರಲ್ಲಿ ಹೊಸದೇನಿರುತ್ತದೆ? ಕಥೆಯ ಜೀವ ಇರುವುದು ನಕಾಶೆಯಲ್ಲಿ. ಆ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಮಗನ ರಾಜ್ಯ. ಶನಿವಾರ ಹೋಗಿ ಗ್ರಹಚಾರ ಬಿಡಿಸುತ್ತೇನೆ.

೧೭ ಜೂನ್, ಶನಿವಾರ

ರಾಜಾಜಿನಗರದ ಪ್ರೆಸ್ಸಿಗೆ ಹೋಗಿ ಬಂದೆ. ಬಿಸಿಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಎರಡು ಬಸ್ಸು ಹತ್ತಿ ಇಳಿದೆ. ನಾಗರಾಜು ಮೊದಲು, “ನಾನೇ ಸ್ವಲ್ಪ ಟಚಪ್ ಮಾಡ್ದೆ ಸಾರ್” ಅಂದ. ಅವನು ಮದುವೆ ಕಾರ್ಡಿನ ಮೇಲೆ ‘ಸುಖಾಗಮನ ಬಯಸುವವರು’ ಎಂದು ಬರೆಯುವುದಕ್ಕೂ ಹಳೆ ಕಾರ್ಡು ನೋಡುವವನು. ಎಂಬತ್ತೈದನೇ ಪುಟದಲ್ಲಿ ಏನಾಗುತ್ತದೆ ಹೇಳು ಅಂದೆ. ತಲೆ ಕೆರೆದುಕೊಂಡ. ಆಮೇಲೆ ಒಳಗೆ ಕಂಪ್ಯೂಟರ್ ಮುಂದೆ ಕೂತಿದ್ದ ಟೈಪ್ ಮಾಡುವ ಹುಡುಗಿಯನ್ನು ಕರೆದ.

ಗುರವ್ವ ಅಂತೆ. ಗದಗದ ಕಡೆಯವಳು. ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬಹುದು. ನಾಲ್ಕು ವರ್ಷದಿಂದ ನನ್ನ ಹಸ್ತಪ್ರತಿಗಳನ್ನು ಟೈಪ್ ಮಾಡುತ್ತಿರುವವಳು ಇವಳೇ. ನಾನು ಒಂದು ದಿನವೂ ಇವಳ ಮುಖ ನೋಡಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ.

“ಯಾರನ್ನ ಕೇಳಿ ಬರೆದೆ?” ಅಂದೆ.

“ಹಳೇ ಪುಸ್ತಕದಾಗಿಂದ ತಗದು ಹಾಕು ಅಂದಿದ್ರು ಸರ. ಮೊದಲನೇ ಸಲ ಹಂಗ ಹಾಕಿದ್ದೆ. ಹುಡುಗ್ರು ಕಾಗದಾ ಬರದ್ರು, ವಿಶು ಅದ ಸೇತುವೆ ಮ್ಯಾಲ ಎಷ್ಟು ಸಲ ಓಡ್ತಾನ ಅಂತ. ಓದಿ ನನಗ ನಾಚಿಕಿ ಆತು. ಅದಕ್ಕ ಇಪ್ಪತ್ಮೂರನೇದರಿಂದ ನಾನ ಬರದೆ.”

ಅಂದರೆ ಒಂಬತ್ತು ಪುಸ್ತಕ. ನನ್ನ ಹೆಸರಿನಲ್ಲಿ ಒಂಬತ್ತು ಪುಸ್ತಕಗಳಲ್ಲಿ ಈಕೆ ಓಡಾಡಿದ್ದಾಳೆ. ವಿಶುವನ್ನು ಯಾಕೆ ಅಳಿಸಿದೆ, ಗೂಢಚಾರ ಎಲ್ಲಾದರೂ ಅಳುತ್ತಾನೆಯೇ ಎಂದು ಕೇಳಿದೆ. ಅಕ್ಕಪಕ್ಕದ ಮೆಷಿನ್ನಿನವರೆಲ್ಲ ಕೆಲಸ ನಿಲ್ಲಿಸಿ ನೋಡುವಷ್ಟು ಗಟ್ಟಿಯಾಗಿ ಕೇಳಿದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು, ಆದರೆ ಉತ್ತರ ಕೊಡದೆ ಬಿಡಲಿಲ್ಲ.

“ನಿಮ್ಮ ವಿಶುಗ ಅಂಜಿಕೀನ ಬರಂಗಿಲ್ಲಲ್ರಿ ಸರ. ಅಂಜಿಕಿ ಬರಲಿಲ್ಲಂದ್ರ ಅಂವ ಓಡೂದ್ಯಾಕ?”

ಮೂವತ್ತೊಂದು ಪುಸ್ತಕ ಬರೆದವನಿಗೆ ಟೈಪ್ ಮಾಡುವವಳು ಪಾಠ ಹೇಳುತ್ತಾಳೆ. ಎದ್ದು ಬಂದೆ. ಬಸ್ಸಿನಲ್ಲಿ ತಕ್ಕ ಉತ್ತರ ಯೋಚಿಸಿದೆ. ನಮ್ಮ ಮಾರೇನಹಳ್ಳಿ ಬರುವವರೆಗೂ ಹೊಳೆಯಲಿಲ್ಲ. ಕಂಡಕ್ಟರ್ ಬೇರೆ ಮೂರು ಸಲ ಟಿಕೆಟ್ ಕೇಳಿ ತಲೆ ತಿಂದ.

೧೮ ಜೂನ್, ಭಾನುವಾರ

ನಾಗರಾಜುವಿಗೆ ಕಾಗದ ಬರೆದು ಡಬ್ಬಕ್ಕೆ ಹಾಕಿದೆ. ಒಂದೂವರೆ ಪುಟ. ಸುತ್ತಿ ಬಳಸಿ ಬರೆಯುವ ಜಾಯಮಾನ ನನ್ನದಲ್ಲ. ಅಕ್ಷರ ಒತ್ತುವ ಕೂಲಿಯವಳು ಕಥೆ ಬರೆಯುವ ಕಾಲ ಬಂದರೆ ನಾನು ಪೆನ್ನು ಮುಚ್ಚಿಡುತ್ತೇನೆ, ನಿಮ್ಮಲ್ಲಿ ಅವಳಿರಬೇಕು ಇಲ್ಲವೇ ನಾನಿರಬೇಕು ಎಂದು ಸ್ಪಷ್ಟವಾಗಿ ಬರೆದಿದ್ದೇನೆ.

ಗಂಗಲಕ್ಷ್ಮಮ್ಮ ಏನು ಬರೆದಿರಿ ಎಂದು ಕೇಳಿದಳು. ವ್ಯವಹಾರದ ವಿಷಯ ಅಂದೆ.

೧ ಜುಲೈ, ಶನಿವಾರ

ನಾಗರಾಜು ಫೋನ್ ಮಾಡಿದ್ದ. “ನೀವ್ ಹೇಳ್ದಂಗೇ ಮಾಡಿದೀನಿ ಸಾರ್. ಆ ಹುಡುಗಿ ನಿನ್ನೆಗೆ ಲಾಸ್ಟು.”

ನ್ಯಾಯ ಸಿಕ್ಕಿತು. ಸಂತೋಷ. ಮಧ್ಯಾಹ್ನ ಇವಳು ಮಾಡಿದ್ದ ಸೊಪ್ಪಿನ ಸಾರಿಗೆ ಉಪ್ಪೇ ಇರಲಿಲ್ಲ. ಕೇಳಿದರೆ, ಸರಿಯಾಗೇ ಇದೆ ಅಂದಳು.

೨೦ ಜುಲೈ, ಗುರುವಾರ

ಈ ಮನೆಯಲ್ಲಿ ಮನುಷ್ಯ ಕೂತು ಬರೆಯುವ ಹಾಗಿಲ್ಲ. ಮೇಲಿನ ಬಾಡಿಗೆ ಮನೆಯವರು ಬೆಳಗ್ಗೆಯಿಂದ ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೆ. ಹತ್ತು ಗಂಟೆಗೆ ಕರೆಂಟು ಹೋಯಿತು. ಪೆನ್ನು ಕಕ್ಕುತ್ತದೆ. ಕಣ್ಣಿನ ಡಾಕ್ಟರು ಬರೆದುಕೊಟ್ಟ ಕನ್ನಡಕದಲ್ಲಿ ಗೆರೆಗಳೆಲ್ಲ ಹತ್ತಿ ಇಳಿಯುತ್ತವೆ.

ಮೂವತ್ತೆರಡನೇ ಪುಸ್ತಕದ ಬೆನ್ನಟ್ಟುವ ದೃಶ್ಯವನ್ನು ಈ ಸಲ ನಾನೇ ಬರೆಯಬೇಕೆಂದು ಹಟ ಹಿಡಿದು ಕೂತು ಇದು ಹನ್ನೊಂದನೇ ದಿನ. ‘ವಿಶು ಓಡಿದನು. ಅವರೂ ಓಡಿದರು.’ ಮುಂದೆ ಏನು? ನಕಾಶೆ ಕದ್ದದ್ದು ಯಾವ ಅಕ್ಷಾಂಶದಲ್ಲಿ, ಆ ಕಣಿವೆಯ ಎತ್ತರ ಎಷ್ಟು ಅಡಿ, ಎಲ್ಲ ಹೇಳಬಲ್ಲೆ. ಓಡುವವನು ಮಾತ್ರ ಓಡುತ್ತಲೇ ಇರುತ್ತಾನೆ, ಅವನಿಗೆ ಏನೂ ಆಗುವುದಿಲ್ಲ.

ಆ ಹುಡುಗಿಯ ತಪ್ಪುಗಳನ್ನು ಪಟ್ಟಿ ಮಾಡೋಣ ಎಂದು ಒಂಬತ್ತೂ ಪುಸ್ತಕ ತೆಗೆದೆ. ಕೇವಲ ತಪ್ಪು ಹುಡುಕಲು. ಇಪ್ಪತ್ತಾರನೆಯದರಲ್ಲಿ ವಿಶು ದೀಪಾಂಜಲಿ ನಗರದ ಹತ್ತಿರ ವೃಷಭಾವತಿಯ ಮೋರಿಗೆ ಇಳಿದು ಅವಿತುಕೊಳ್ಳುತ್ತಾನೆ. ನಾತಕ್ಕೆ ವಾಂತಿ ಬರುತ್ತದೆ, ವಾಂತಿ ಮಾಡಿದರೆ ಸದ್ದಾಗುತ್ತದೆ ಎಂದು ನುಂಗಿಕೊಳ್ಳುತ್ತಾನೆ. ಗಲೀಜು. ಮಕ್ಕಳ ಪುಸ್ತಕದಲ್ಲಿ ಇಂಥದ್ದನ್ನು ಬರೆಯಬಾರದು. ಆದರೆ ಅವನು ಅಲ್ಲಿಂದ ಹೇಗೆ ಹೊರಗೆ ಬಂದ ಎಂದು ನೋಡಬೇಕಿತ್ತು, ಆದ್ದರಿಂದ ಪೂರ್ತಿ ಓದಿದೆ. ಒಟ್ಟು ಆರು ತಪ್ಪು ಸಿಕ್ಕವು. ಸಂಜೆ ಮತ್ತೆ ನೋಡಿದಾಗ ಅದರಲ್ಲಿ ಎರಡು ತಪ್ಪಲ್ಲ.

೧೦ ಆಗಸ್ಟ್, ಗುರುವಾರ

ಹೇಗೋ ಬರೆದು ಮುಗಿಸಿ ಕಳಿಸಿದ್ದ ಮೂವತ್ತೆರಡನೇ ಪುಸ್ತಕದ ಮೊದಲ ಅಚ್ಚಿನ ಕರಡು ಬಂತು. ಯಾವ ಜನ್ಮದ ಪಾಪವೋ.

‘ವಿಶು ಕಂದರದ ಅಂಚಿಗೆ ಬಂದನು’ ಎಂದು ನಾನು ಬರೆದದ್ದು. ಕರಡಿನಲ್ಲಿ ‘ವಿಶು ಕುದುರೆಯ ಲಂಚಕ್ಕೆ ಬಂದನು’ ಎಂದಿದೆ. ಪುಟ ಪುಟಕ್ಕೂ ಹೀಗೇ. ಕೆಲವು ಕಡೆ ಸಾಲುಗಳನ್ನೇ ಬಿಟ್ಟು ಚುಕ್ಕಿ ಇಟ್ಟಿದ್ದಾರೆ. ನಾಗರಾಜುವಿಗೆ ಫೋನ್ ಮಾಡಿ ಉಗಿದೆ. ಅವನು ಅಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

“ನಾನ್ ಏನ್ ಮಾಡ್ಲಿ ಸಾರ್. ಹೊಸ ಆಪರೇಟರ್‌ಗೆ ನಿಮ್ ಅಕ್ಷರ ತಿಳಿಯಲ್ಲ. ನಂಗೂ ತಿಳಿಯಲ್ಲ. ನಿಮ್ ಕೈಬರಹ ಓದ್ತಿದ್ದಿದ್ದು ಈ ಆಫೀಸಲ್ಲಿ ಗುರವ್ವ ಒಬ್ಳೇ.”

ಹಾಗಿದ್ದ ಮೇಲೆ ಅಂಥ ಕೆಲಸಗಾರ್ತಿಯನ್ನು ಬಿಟ್ಟನೇಕೆ? ವ್ಯಾಪಾರ ಮಾಡುವವನಿಗೆ ಬುದ್ಧಿ ಬೇಡವೇ? ನಾಲ್ಕು ವರ್ಷ ದುಡಿದವಳನ್ನು ಹದಿಮೂರು ದಿನದಲ್ಲಿ ಮನೆಗೆ ಕಳಿಸಿದ್ದಾನೆ, ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗಬಹುದಿತ್ತು. ಅಪ್ಪನ ಕಾಲದಲ್ಲಿ ಆ ಪ್ರೆಸ್ಸಿನಲ್ಲಿ ಒಬ್ಬರನ್ನೂ ತೆಗೆದಿರಲಿಲ್ಲ. ಇದನ್ನೆಲ್ಲ ಗಂಗಲಕ್ಷ್ಮಮ್ಮನ ಮುಂದೆ ಹೇಳಿದೆ. ಫೋನಿನಲ್ಲಿ ನಾನು ಆಡಿದ ಮಾತುಗಳಿಂದ ಅವಳಿಗೆ ಹಳೆಯ ಕಾಗದದ ವಿಷಯವೂ ಗೊತ್ತಾಗಿಬಿಟ್ಟಿದೆ.

“ಕಳಿಸು ಅಂದೋರು ನೀವೇ ಅಲ್ವಾ?”

“ನಾನು ಒಂದು ಕಾಗದ ಬರೆದೆ ಅಷ್ಟೇ. ಕಳಿಸಿದೋನು ಅವನು.”

ಅವಳು ಹುರುಳಿಕಾಯಿ ಮುರಿಯುತ್ತಿದ್ದಳು. ಇನ್ನೂ ಜೋರಾಗಿ ಮುರಿಯತೊಡಗಿದಳು. ಈ ಹೆಂಗಸರು ಕಾಯಿ ಮುರಿಯುವುದೂ ಬೈದ ಹಾಗೆ.

೨೨ ಆಗಸ್ಟ್, ಮಂಗಳವಾರ

ಎರಡನೇ ಕರಡು. ಲಂಚ ಹೋಗಿ ಕುದುರೆ ಉಳಿದಿದೆ.

ನನ್ನ ಓಟದ ಎಂಟು ಪುಟಗಳನ್ನು ಗಂಗಲಕ್ಷ್ಮಮ್ಮನಿಗೆ ಓದಿ ಹೇಳಿದೆ. ನಾಲ್ಕನೇ ಪುಟಕ್ಕೆ ಎದ್ದು ಹಾಲಿಗೆ ಹೆಪ್ಪು ಹಾಕಲು ಹೋದಳು. ಆಮೇಲೆ ಕೆಂಗೇರಿಯ ಭಾಗವನ್ನು ಓದಿದೆ, ಹೋಲಿಕೆಗೆ. ಅವಳು ಕದಲಲಿಲ್ಲ. “ಆ ಮಗೂನ ಹಿಡುದ್ರಾ?” ಎಂದು ನಡುವೆ ಕೇಳಿದಳು. ಇಪ್ಪತ್ತೆರಡು ವರ್ಷದಿಂದ ವಿಶು ಈ ಮನೆಯಲ್ಲಿ ಇದ್ದಾನೆ. ಅವನಿಗೆ ಏನಾಯಿತು ಎಂದು ಇವಳು ಕೇಳಿದ್ದು ಇದೇ ಮೊದಲು. ನನಗೆ ಹೊಟ್ಟೆಕಿಚ್ಚಾಯಿತು. ಆಯಿತು, ಬರೆದಿದ್ದೇನೆ, ಇಲ್ಲಿ ಯಾರು ಓದುತ್ತಾರೆ.

೩ ಸೆಪ್ಟೆಂಬರ್, ಭಾನುವಾರ

ಗುರವ್ವನ ವಿಳಾಸವನ್ನು ಪ್ರೆಸ್ಸಿನಿಂದ ತೆಗೆದುಕೊಂಡು ಕೆಂಗೇರಿಗೆ ಹೋಗಿದ್ದೆ. ನಾಗರಾಜು ಮಾಡಿದ ಅನ್ಯಾಯಕ್ಕೆ ಅವಳ ಪರವಾಗಿ ಮಾತಾಡುತ್ತೇನೆ, ಮೂವತ್ತೆರಡನೆಯದನ್ನು ಟೈಪ್ ಮಾಡಲು ಮತ್ತೆ ಬರಲಿ ಎಂದು ಹೇಳಲು. ಹೋಗುವಾಗ ನನ್ನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇತ್ತು.

ರೈಲ್ವೆ ಸ್ಟೇಷನ್ನಿನ ಹಿಂದೆ ವಠಾರದ ಒಂದು ಕೋಣೆ. ತಾಯಿ ಶಾಂತವ್ವ ಬಾಗಿಲಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದಳು, ಯಾವುದೋ ಖಾನಾವಳಿಗಂತೆ. “ಬರ್ರಿ, ಒಳಗ ಬರ್ರಿ, ಕುಂದರ್ರಿ” ಎಂದು ಹಿಟ್ಟಿನ ಕೈಯಲ್ಲೇ ಚಾಪೆ ಹಾಸಿದಳು. ಗುರವ್ವ ಬಟ್ಟೆ ಒಗೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರ್ ತಪಾಸಣೆ ಮಾಡುವ ಕೆಲಸ ಸಿಕ್ಕಿದೆಯಂತೆ. ದಿನವಿಡೀ ನಿಂತೇ ಮಾಡಬೇಕು. ಕಾಲು ಊದಿತ್ತು, ನೋಡಿದೆ.

ಚಹಾ ಬಂತು. ಕೆಂಗೇರಿಯ ಓಟ ಹೇಗೆ ಬರೆದೆ ಎಂದು ಕೇಳಿದೆ. ಬೆಂಗಳೂರಿಗೆ ಬಂದ ದಿನ ತಾಯಿ ಗಂಟು ಮೂಟೆ ಇಳಿಸುವಾಗ ಇವಳು ನೀರಿಗೆಂದು ಹೋಗಿ ದಾರಿ ತಪ್ಪಿದಳಂತೆ. ಗೂಡ್ಸ್ ಡಬ್ಬಿಗಳ ನಡುವೆ ಒಂದು ತಾಸು ಸುತ್ತಿದಳಂತೆ. ಇಪ್ಪತ್ತೆರಡು ವರ್ಷದವಳು ಅತ್ತರೆ ಜನ ನಗುತ್ತಾರೆ ಎಂದು ಬಾಯಿಗೆ ಸೆರಗು ತುರುಕಿಕೊಂಡಳಂತೆ. ಇಷ್ಟನ್ನು ನಗುತ್ತಲೇ ಹೇಳಿದಳು.

ಆಮೇಲೆ ನಾನು ಬಂದ ವಿಷಯಕ್ಕೆ ಬಂದೆ. ನಾಗರಾಜು ನಿನ್ನನ್ನು ತೆಗೆದದ್ದು ದೊಡ್ಡ ತಪ್ಪು, ನಾನು ಅವನನ್ನು ಸುಮ್ಮನೆ ಬಿಡುವುದಿಲ್ಲ ಅಂದೆ. ಅವಳು ಲೋಟ ಕೆಳಗಿಟ್ಟಳು.

“ನಾಗರಾಜ ಸರ್‌ದು ಏನ್ ತಪ್ಪೈತ್ರಿ. ನಿಮ್ಮ ಕಾಗದಾ ಬಂತು. ಅವರಿಗೆ ನಿಮ್ಮ ಅಕ್ಷರ ತಿಳಿಯಂಗಿಲ್ಲ. ನಿಮ್ದು ಏನ ಬಂದ್ರೂ ನಾನ ಓದಿ ಹೇಳ್ತಿದ್ದೆ. ಅದನ್ನೂ ನನ್ನ ಕೈಯಾಗ ಕೊಟ್ಟು, ಏನ್ ಬರ್ದವ್ರೆ ನೋಡವ್ವ ಅಂದ್ರು.”

“ಓದಿದ್ಯಾ?”

“ಓದಿದ್ನಿರಿ. ಒಂದೂವರಿ ಪುಟ.”

ನನ್ನ ಕಾಗದದ ಪ್ರತಿ ಮಾತೂ ನನಗೆ ನೆನಪಿತ್ತು. ಕೂಲಿಯವಳು ಎಂದದ್ದು, ಅವಳಿರಬೇಕು ಇಲ್ಲವೇ ನಾನಿರಬೇಕು ಎಂದದ್ದು. ಇವಳು ಅದನ್ನು ಆ ಆಫೀಸಿನಲ್ಲಿ ನಿಂತು, ಅವನ ಮುಂದೆ, ತನ್ನ ಬಾಯಿಂದಲೇ ಓದಿದ್ದಾಳೆ. ಆದರೂ ನನ್ನ ಬಾಯಿಂದ ಹೊರಟದ್ದು ಸಿಟ್ಟಿನ ಮಾತೇ.

“ನಿನಗೆ ಬುದ್ಧಿ ಇಲ್ವಾ? ಆ ಸಾಲು ಬಿಟ್ಟು ಬೇರೆ ಏನಾದ್ರೂ ಓದಬಾರದಿತ್ತಾ? ಅವನಿಗೆ ಹೇಗೆ ಗೊತ್ತಾಗ್ತಿತ್ತು?”

“ನೀವು ಬರದದ್ದನ್ನ ನಾ ಯಾವತ್ತೂ ಬದಲಿ ಮಾಡಿಲ್ರಿ ಸರ. ನೀವು ಖಾಲಿ ಬಿಟ್ಟಲ್ಲಷ್ಟ ಬರದೀನಿ.”

ತಪ್ಪಾಯಿತು ಅಂದೆ. ಬಹುಶಃ ಕೇಳಿಸುವ ಹಾಗೆ ಅನ್ನಲಿಲ್ಲ, ಆದ್ದರಿಂದ ಇನ್ನೊಮ್ಮೆ ಅಂದೆ. ಟೈಪ್ ಮಾಡಲು ವಾಪಸು ಬರುತ್ತೀಯಾ ಎಂದು ಕೇಳಿದೆ. ಅವಳು ತಾಯಿಯ ಕಡೆ ನೋಡಿ, ಮತ್ತೆ ನನ್ನ ಕಡೆ ನೋಡಿ, ಬಹಳ ದಿನದಿಂದ ತಯಾರಿಟ್ಟುಕೊಂಡ ಮಾತಿನ ಹಾಗೆ ನಿಧಾನವಾಗಿ ಹೇಳಿದಳು.

“ಟೈಪ್ ಮಾಡಾಕ ಬರಂಗಿಲ್ರಿ. ಬರಿಯಾಕ ಅಂದ್ರ ಬರ್ತೀನಿ. ಇಡೀ ಪುಸ್ತಕ. ಮ್ಯಾಲ ನನ್ನ ಹೆಸರ ಇರಬೇಕು.”

೪ ಸೆಪ್ಟೆಂಬರ್, ಸೋಮವಾರ

ಥೂ ನನ್ನ ಜನ್ಮಕ್ಕೆ. ಬೇರೆ ಏನೂ ಬರೆಯಲು ತೋಚುತ್ತಿಲ್ಲ.

೯ ಸೆಪ್ಟೆಂಬರ್, ಶನಿವಾರ

ನಾಗರಾಜುವಿನ ಜೊತೆ ಎರಡು ಗಂಟೆ ಜಗಳ. ಮೂವತ್ತೆರಡನೆಯದನ್ನು ಗುರವ್ವ ಬರೆಯುತ್ತಾಳೆ, ಅವಳ ಹೆಸರಿನಲ್ಲೇ ಬರಬೇಕು ಅಂದೆ. ನನ್ನ ಹಸ್ತಪ್ರತಿಯನ್ನು ವಾಪಸು ತೆಗೆದುಕೊಂಡೆ. ಕುದುರೆಯೂ ಲಂಚವೂ ಅವನೇ ಇಟ್ಟುಕೊಳ್ಳಲಿ.

“ಸಾರ್, ಗೂಢಚಾರ ಪುಸ್ತಕದ ಮೇಲೆ ಗುರವ್ವ ಅಂತ ಹಾಕುದ್ರೆ ಯಾವ್ ಮಗು ತಗೊಳತ್ತೆ? ಜನ ಭಜನೆ ಪುಸ್ತಕ ಅಂದ್ಕೋತಾರೆ.”

ಇದನ್ನು ಕೇಳಿ ನನ್ನ ರಕ್ತ ಕುದಿಯಿತು. “ದೊಡ್ಡಹನುಮಯ್ಯ ಅನ್ನೋ ಹೆಸರು ಹಾಕಿ ಮೂವತ್ತೊಂದು ಗೂಢಚಾರ ಪುಸ್ತಕ ಮಾರಿದ್ದೀರಲ್ಲಯ್ಯ, ನೀನೂ ನಿಮ್ಮಪ್ಪನೂ. ಗುರವ್ವನಿಗೆ ಏನು ಬಂದಿದೆ ರೋಗ?”

“ಬೇಕಾದ್ರೆ ನಿಮ್ಮ ಹೆಸರು ದೊಡ್ಡದಾಗಿ, ಅವಳದು ಒಳಗೆ ಸಣ್ಣದಾಗಿ, ಸಹಕಾರ ಅಂತ ಹಾಕೋಣ.”

ಸಹಕಾರವಂತೆ. ಒಂಬತ್ತು ಪುಸ್ತಕಗಳಲ್ಲಿ ಮಕ್ಕಳು ಹಿಡಿದುಕೊಂಡು ಓದಿದ್ದು ಯಾರ ಪುಟಗಳನ್ನು? ಹೋದ ವರ್ಷ ಬಂದು, ನಾನು ಒಡೆಯದೆ ಕಟ್ಟಿಟ್ಟಿದ್ದ ಕಾಗದಗಳನ್ನೆಲ್ಲ ಈ ವಾರ ತೆಗೆದು ನೋಡಿದೆ. ಅಕ್ಷಾಂಶದ ಬಗ್ಗೆ ಒಂದು ಮಗುವೂ ಬರೆದಿಲ್ಲ. ಮೋರಿಯ ಬಗ್ಗೆ ಹದಿನೇಳು ಕಾಗದಗಳಿವೆ. ಅವುಗಳನ್ನು ಅವನ ಮೇಜಿನ ಮೇಲೆ ಸುರಿದೆ. ವಿಶು ನನ್ನವನು, ಅವನನ್ನು ಗುರವ್ವನಿಗೆ ಕೊಟ್ಟಿದ್ದೇನೆ, ನಿನಗೆ ಬೇಡವಾದರೆ ಅವನು ಬೇರೆ ಪ್ರೆಸ್ಸಿಗೆ ನಡೆದು ಹೋಗುತ್ತಾನೆ ಅಂದೆ. ನಾಗರಾಜು ಕಾಗದಗಳನ್ನು ಒಂದೊಂದಾಗಿ ಓದಿದ. ಮಕ್ಕಳ ಅಕ್ಷರ ಅವನಿಗೆ ತಿಳಿಯುತ್ತದೆ.

ಕೊನೆಗೆ, “ಆಯ್ತು ಸಾರ್. ಆದ್ರೆ ನೀವು ಬರವಣಿಗೇಲಿ ಕೊಡ್ಬೇಕು. ನಾಳೆ ಮನಸು ಬದಲಾಯಿಸ್ಕೊಂಡು ಬಂದು ನನ್ ಮೇಲೆ ಹಾರಾಡ್ಬಾರ್ದು” ಅಂದ. ನನ್ನ ಮೇಲೆ ಅವನಿಗೆ ನಂಬಿಕೆ ಇಲ್ಲ. ಇಲ್ಲದಿರುವುದು ನ್ಯಾಯವೇ.

೨೩ ಸೆಪ್ಟೆಂಬರ್, ಶನಿವಾರ

ಗುರವ್ವ ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅದಕ್ಕೂ ಸೂಪರ್‌ವೈಸರ್ ಸತಾಯಿಸಿದನಂತೆ. ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು, ಮೊದಲ ನಾಲ್ಕು ಅಧ್ಯಾಯಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ಪ್ರೆಸ್ಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮತ್ತೆ ಮೆಟ್ಟಿಕೊಂಡು, ಮತ್ತೆ ಬಿಟ್ಟಳು. ಕೆಲಸ ಕಳೆದುಕೊಂಡು ಹೊರಗೆ ಬಂದದ್ದೂ ಇದೇ ಬಾಗಿಲಿನಿಂದ ತಾನೇ.

ನಾನು ಮೂರು ದಿನ ಕೂತು ಬರೆದ ಕಾಗದವನ್ನು ನಾಗರಾಜುವಿನ ಕೈಗೆ ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡ. ತೆಗೆದ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೊಸ ಆಪರೇಟರನ್ನು ಕರೆದು ತೋರಿಸಿದ. ಆತ ‘ಮಾನ್ಯರೇ’ ಎಂಬಲ್ಲೇ ನಿಂತ.

“ಓದೋಕಾಗ್ತಿಲ್ಲ ಸಾರ್. ನೀವೇ ಓದ್ಬಿಡಿ.”

ನಾನು ಓದಬಹುದಿತ್ತು. ಕನ್ನಡಕ ತಂದಿಲ್ಲ ಅಂದೆ. ಅದು ಜೇಬಿನಲ್ಲೇ ಇತ್ತು. ನಾಗರಾಜು ಗುರವ್ವನ ಕಡೆ ನೋಡಿದ. ಅವಳು ನನ್ನ ಕಡೆ ನೋಡಿದಳು. ಹ್ಞೂಂ ಅಂದೆ. ಕಾಗದ ತೆಗೆದುಕೊಂಡು, ಹಿಂದಿನ ಕಾಗದ ಓದಿದ್ದ ಅದೇ ಮೇಜಿನ ಮುಂದೆ ನಿಂತಳು.

“ಮಾನ್ಯರೇ. ಜೂನ್ ಹದಿನೆಂಟರಂದು ನಾನು ಬರೆದ ಕಾಗದ ನೀಚ ಬುದ್ಧಿಯದು. ಅದರಲ್ಲಿ ಕೂಲಿಯವಳು ಎಂದು ನಾನು ಕರೆದವರು ನನ್ನ ಒಂಬತ್ತು ಪುಸ್ತಕಗಳನ್ನು ಮಕ್ಕಳು ಓದುವ ಹಾಗೆ ಮಾಡಿದವರು. ಇಪ್ಪತ್ತಮೂರರಿಂದ ಮೂವತ್ತೊಂದನೇ ಪುಸ್ತಕದವರೆಗಿನ ಬೆನ್ನಟ್ಟುವ ದೃಶ್ಯಗಳನ್ನು ನಾನು ಬರೆದಿಲ್ಲ. ಮರುಮುದ್ರಣದಲ್ಲಿ ಅದನ್ನು ತಿಳಿಸತಕ್ಕದ್ದು. ಮೂವತ್ತೆರಡನೆಯದರಿಂದ ಮುಂದೆ ಗೂಢಚಾರ ವಿಶುವನ್ನು ಬರೆಯುವವರು…”

ಅಲ್ಲಿ ನಿಂತುಬಿಟ್ಟಳು. ಮೆಷಿನ್ನುಗಳೂ ನಿಂತಿದ್ದವು, ಎಲ್ಲರೂ ಕಿವಿ ಇಟ್ಟಿದ್ದರು. ನಾಗರಾಜು, “ತಿಳೀತಿಲ್ವಾ? ಮುಂದೆ ಏನ್ ಬರ್ದವ್ರೆ?” ಅಂದ.

“ತಿಳೀತೈತ್ರಿ” ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಪಕ್ಕದಲ್ಲಿದ್ದವರಿಗೂ ಕೇಳಿಸದಷ್ಟು ಮೆಲ್ಲಗೆ ತನ್ನ ಹೆಸರನ್ನು ಓದಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರು ದಿನ ಕೂತು ಬರೆದದ್ದು ಹೀಗೆ ಪಿಸುಗುಟ್ಟುವುದಕ್ಕೇನು? ಗಟ್ಟಿಯಾಗಿ ಓದು ಅಂದೆ.

ಓದಿದಳು.